ಓಟ ನಿಲ್ಲಿಸಿದ ನಾಯಿಯ ಹೆಸರು

ಬೇಸಿಗೆಯಲ್ಲಿ ನಮ್ಮ ನಡಿಗೆ ಬೆಳಗಿನ ಐದೂವರೆಗೇ ಆರಂಭವಾಗುತ್ತದೆ. ಏಳು ಗಂಟೆ ದಾಟಿದ ಮೇಲೆ ಪುಣೆಯ ಬಿಸಿಲು ನನಗೂ ಸಲ್ಲದು, ಚಿಗರಿಗೂ ಸಲ್ಲದು. ಚಿಗರಿ ಮುಧೋಳ ತಳಿಯ ನಾಯಿ. ಬಾಗಲಕೋಟೆ ಕಡೆಯ ನಂಟರೊಬ್ಬರ ಹೊಲದಿಂದ, ಕೈಚೀಲದಲ್ಲಿ ಹಿಡಿಸುವಷ್ಟು ಮರಿಯಾಗಿ ಅದು ಬಂದಾಗ ನಾನಿನ್ನೂ ನೌಕರಿಯಲ್ಲಿದ್ದೆ. ಈಗ ಅದಕ್ಕೆ ಒಂಬತ್ತು ವರ್ಷ. ನಾನು ನಿವೃತ್ತನಾಗಿ ನಾಲ್ಕು ವರ್ಷ. ಊರಿನ ಪೂರ್ವದ ಅಂಚಿನಲ್ಲಿ, ಕಟ್ಟಡಗಳು ಇನ್ನೂ ನುಂಗದೆ ಬಿಟ್ಟಿರುವ ಕೆಲವು ಹೊಲಗಳಿವೆ. ಜೋಳ ಕೊಯ್ದು ಕೂಳೆ ಮಾತ್ರ ಉಳಿದ ಆ ಕಪ್ಪು ನೆಲದ ಬಯಲಿನಲ್ಲಿ, ಬದುವಿನ ಗುಂಟ, ನಾವಿಬ್ಬರೂ ಯಾವ ಅವಸರವೂ ಇಲ್ಲದೆ ನಡೆಯುತ್ತೇವೆ.

ಮೊದಲು ಹೀಗಿರಲಿಲ್ಲ. ಕೊರಳಿನ ಹಗ್ಗ ಬಿಚ್ಚಿದರೆ ಸಾಕು, ಚಿಗರಿ ಬಯಲಿನ ಆಚೆಯ ತುದಿಯಲ್ಲಿ ಒಂದು ಚುಕ್ಕೆಯಾಗಿ ಕಾಣುತ್ತಿತ್ತು. ಈಗ ಹತ್ತು ಹೆಜ್ಜೆ ಮುಂದೆ ನಡೆದು, ನಿಂತು, ಹೊರಳಿ ನೋಡಿ, ನಾನು ಬರುತ್ತಿದ್ದೇನೆಂದು ಖಾತ್ರಿಯಾದ ಮೇಲೆ ಮತ್ತೆ ನಡೆಯುತ್ತದೆ. ದಾರಿಯಲ್ಲಿ ಎದುರಾದ ರೈತರೊಬ್ಬರು ಒಮ್ಮೆ ಮರಾಠಿಯಲ್ಲಿ, ಈ ಕಾರವಾನ ಇನ್ನೂ ಮೊಲ ಹಿಡಿಯುತ್ತದೆಯೇ ಎಂದು ಕೇಳಿದರು. ಎಂದೂ ಹಿಡಿದಿಲ್ಲ, ಈಗಂತೂ ಓಡುವುದೂ ಇಲ್ಲ ಎಂದೆ. ಹಾಗಾದರೆ ಇದನ್ನೇಕೆ ಸಾಕಿದ್ದೀರಿ ಎಂಬ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಕೇಳಲಿಲ್ಲ. ಆದರೆ ಅದು ಅವರ ಮುಖದ ಮೇಲಿತ್ತು. ಬೇಟೆಗೆಂದೇ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ನಾಯಿ ಬೇಟೆ ಮುಗಿದ ಮೇಲೆ ಏನಾಗಿ ಉಳಿಯುತ್ತದೆ? ನಿವೃತ್ತನಾದವನಿಗೆ ಇದು ಕೇವಲ ನಾಯಿಯ ಕುರಿತ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಚಿಗರಿಯ ಆ ಹೊರಳಿ ನೋಡುವ ಕ್ರಮವನ್ನು ಸುಮಾರು 1,900 ವರ್ಷಗಳ ಹಿಂದೆಯೇ ಒಬ್ಬ ಗ್ರೀಕ್ ಲೇಖಕ ಬರೆದಿಟ್ಟಿದ್ದಾನೆ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಅವನ ಹೆಸರು ಆರಿಯನ್. ನಮಗೆ ಅವನು ಪೂರ್ತಿ ಅಪರಿಚಿತನಲ್ಲ. ಅಲೆಕ್ಸಾಂಡರ್ ಮತ್ತು ಪೋರಸ್ ಝೀಲಂ ನದಿಯ ದಂಡೆಯಲ್ಲಿ ಸೆಣಸಿದ ವೃತ್ತಾಂತ ನಮ್ಮ ಶಾಲೆಯ ಪುಸ್ತಕಗಳವರೆಗೆ ಬಂದದ್ದು ಬಹುಮಟ್ಟಿಗೆ ಅವನ ಬರವಣಿಗೆಯ ಮೂಲಕ. ಮೆಗಸ್ತನೀಸ್ ಮತ್ತು ನಿಯಾರ್ಕಸರ ವರದಿಗಳನ್ನು ಆಧರಿಸಿ ಭಾರತದ ಬಗೆಗೆ ‘ಇಂಡಿಕಾ’ ಎಂಬ ಪುಸ್ತಕವನ್ನು ಬರೆದವನೂ ಅವನೇ.

ಆರಿಯನ್ ಹುಟ್ಟಿದ್ದು ಕ್ರಿ.ಶ. ಒಂದನೆಯ ಶತಮಾನದ ಕೊನೆಯ ಭಾಗದಲ್ಲಿ, ಇಂದಿನ ಟರ್ಕಿಯ ಇಜ್ಮಿತ್ ನಗರವಿರುವ ನಿಕೊಮೀಡಿಯಾದಲ್ಲಿ. ತರುಣನಾಗಿದ್ದಾಗ, ಹಿಂದೆ ಗುಲಾಮನಾಗಿದ್ದು ಮುಂದೆ ತತ್ತ್ವಜ್ಞಾನಿಯಾದ ಎಪಿಕ್ಟೆಟಸ್‌ನ ಬಳಿ ಕಲಿತ. ಎಪಿಕ್ಟೆಟಸ್ ತಾನಾಗಿ ಏನನ್ನೂ ಬರೆಯಲಿಲ್ಲ. ಅವನ ಮಾತುಗಳು ಉಳಿದಿರುವುದು ಈ ಶಿಷ್ಯ ಬರೆದಿಟ್ಟುಕೊಂಡದ್ದರಿಂದ. ಮುಂದೆ ಆರಿಯನ್ ರೋಮನ್ ಸಾಮ್ರಾಜ್ಯದ ಸೇವೆಯಲ್ಲಿ ಮೇಲೇರಿ, ಚಕ್ರವರ್ತಿ ಹೇಡ್ರಿಯನ್‌ನ ಕಾಲದಲ್ಲಿ ಕಪಡೋಷಿಯಾ ಪ್ರಾಂತದ ಅಧಿಪತಿಯಾದ. 135ರ ಸುಮಾರಿಗೆ ಅಲಾನರೆಂಬ ಕುದುರೆ ಸವಾರರು ಗಡಿಯ ಮೇಲೆ ಬಂದಾಗ ಅವರನ್ನು ಎದುರಿಸಲು ಸೈನ್ಯವನ್ನು ಹೇಗೆ ನಿಲ್ಲಿಸಬೇಕೆಂಬುದರ ಬಗ್ಗೆ ಅವನು ಬರೆದ ಟಿಪ್ಪಣಿ ಇಂದಿಗೂ ಉಳಿದಿದೆ. ಅಧಿಕಾರದ ಅವಧಿ ಮುಗಿದ ಮೇಲೆ ಅವನು ಅಥೆನ್ಸಿನಲ್ಲಿ ನೆಲೆಸಿದ. ನಾಯಿಗಳನ್ನು ಬಿಟ್ಟು ಮೊಲ ಬೆನ್ನಟ್ಟುವುದರ ಬಗ್ಗೆ ಅವನು ಬರೆದ ಚಿಕ್ಕ ಪುಸ್ತಕ ಆ ವಿಶ್ರಾಂತಿಯ ವರ್ಷಗಳದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಭಾವಿಸುತ್ತಾರೆ.

ಈ ವಿಷಯದ ಮೇಲೆ ಅವನಿಗಿಂತ ಐದು ಶತಮಾನಗಳಷ್ಟು ಹಿಂದೆ ಕ್ಸೆನೊಫೋನ್ ಬರೆದಿದ್ದ. ಅವನೂ ಸೇನಾನಿಯೇ. ಅಥೆನ್ಸಿನಿಂದ ಗಡೀಪಾರಾಗಿ, ಒಲಿಂಪಿಯಾದ ಹತ್ತಿರದ ಸ್ಕಿಲ್ಲಸ್ ಎಂಬಲ್ಲಿ ಜಮೀನು ಮಾಡಿಕೊಂಡು, ಬೇಟೆ ಮತ್ತು ಬರವಣಿಗೆಗಳಲ್ಲಿ ಅನೇಕ ವರ್ಷ ಕಳೆದವನು. ಅವನ ಬೇಟೆಯ ಪುಸ್ತಕದಲ್ಲಿ ನಾಯಿಗಳಿಗೆ ಇಡಬಹುದಾದ 47 ಹೆಸರುಗಳ ಪಟ್ಟಿಯಿದೆ. ಕೂಗಿ ಕರೆಯಲು ಸುಲಭವಾಗುವಂತೆ ಹೆಸರು ಚಿಕ್ಕದಿರಬೇಕು ಎಂಬುದು ಅವನ ಸಲಹೆ. ಆರಿಯನ್ ತನ್ನನ್ನು ಈ ಹಿರಿಯನ ಉತ್ತರಾಧಿಕಾರಿಯೆಂದು ಎಣಿಸಿದ. ಕ್ಸೆನೊಫೋನ್ ಎಂಬ ಹೆಸರನ್ನೇ ತನ್ನದೆಂದು ಬಳಸಿದ. ಹಿರಿಯನಿಗೆ ಗೊತ್ತಿರದಿದ್ದ ಒಂದು ತಳಿ, ಅಂದರೆ ಗಾಲ್ ಸೀಮೆಯ ಕೆಲ್ಟರ ವೇಗದ ನಾಯಿ, ತನಗೆ ಗೊತ್ತಿದೆ; ಆ ಕೊರತೆಯನ್ನು ತುಂಬಲು ಬರೆಯುತ್ತಿದ್ದೇನೆ ಎಂದು ಪುಸ್ತಕದ ಆರಂಭದಲ್ಲಿಯೇ ಹೇಳಿಕೊಳ್ಳುತ್ತಾನೆ. ವಾಸನೆ ಹಿಡಿದು ಹೋಗುವ ನಾಯಿಯಲ್ಲ ಅದು. ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವ ನಾಯಿ. ಉದ್ದ ಮೂತಿ, ಆಳವಾದ ಎದೆ, ಸೆಳೆದ ಹೊಟ್ಟೆ, ನೀಳ ಕಾಲು: ಅವನ ವರ್ಣನೆಯನ್ನು ಓದಿದ ಯಾವ ಉತ್ತರ ಕರ್ನಾಟಕದವನಿಗೂ ತನ್ನ ಊರಿನ ನಾಯಿಯೇ ನೆನಪಾದೀತು.

ಪುಸ್ತಕದ ಹೆಚ್ಚಿನ ಭಾಗ ಆರೈಕೆಯ ವಿಚಾರ. ನಾಯಿಗೆ ಮೆತ್ತನೆಯ, ಬೆಚ್ಚನೆಯ ಹಾಸಿಗೆ ಬೇಕು. ಮನುಷ್ಯನ ಜೊತೆಯಲ್ಲಿ ಮಲಗಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಅದರ ಮೈಯನ್ನೆಲ್ಲ ಕೈಯಿಂದ ತಿಕ್ಕಬೇಕು. ದಿನಕ್ಕೆ ನಾಲ್ಕು ಸಲವಾದರೂ ಸಮತಟ್ಟಾದ ಬಯಲಿಗೆ ಕರೆದೊಯ್ದು ಬಿಡಬೇಕು. ಬೇಸಿಗೆಯ ಬಗ್ಗೆ ಅವನಿಗೆ ವಿಶೇಷ ಎಚ್ಚರ. ಸೆಕೆಯಲ್ಲಿ ಓಡಿಸಿದರೆ ಉಸಿರುಗಟ್ಟುವ ಅಪಾಯವಿದೆ, ಹೋಗಲೇಬೇಕಾದರೆ ಜೊತೆಯಲ್ಲಿ ಮೊಟ್ಟೆ ಇಟ್ಟುಕೊಳ್ಳಿ, ನಾಯಿ ಬಹಳ ಏದುತ್ತಿದ್ದರೆ ನುಂಗಿಸಿ ಎನ್ನುತ್ತಾನೆ. ಮೊಟ್ಟೆಯ ಮದ್ದನ್ನು ನಾನು ಪ್ರಯೋಗಿಸಿಲ್ಲ. ಚಿಗರಿಗೆ ನೀರಿನ ಬಾಟಲಿಯೂ ಒಂದು ಸ್ಟೀಲ್ ಬಟ್ಟಲೂ ಸಾಕು. ಆದರೆ ಎಚ್ಚರಿಕೆ ಸರಿಯಾದದ್ದೇ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುವುದರಿಂದಲೇ ಒಳಗಿನ ಕಾವು ಹೊರಹೋಗಬೇಕು. ಮೇ ತಿಂಗಳಿನಲ್ಲಿ ಕಾದ ಡಾಂಬರು ರಸ್ತೆಯ ಮೇಲೆ ನಾಯಿಯನ್ನು ನಡೆಸುವವರು ಒಮ್ಮೆ ತಮ್ಮ ಅಂಗೈಯನ್ನು ಅಲ್ಲಿ ಊರಿ ನೋಡಬೇಕು.

ಬೇಟೆಯ ಬಗ್ಗೆ ಬರೆದವನಾದರೂ ಆರಿಯನ್‌ನಿಗೆ ಮೊಲ ಸಾಯುವುದು ಬೇಕಿರಲಿಲ್ಲ. ನಿಜವಾದ ಬೇಟೆಗಾರ ಬರುವುದು ಓಟದ ಸ್ಪರ್ಧೆಯನ್ನು ನೋಡಲು. ಮೊಲ ತಪ್ಪಿಸಿಕೊಂಡರೆ ಅವನಿಗೆ ಸಂತೋಷವೇ ಎಂಬುದು ಅವನ ನಿಲುವು. ತಾನು ಸಕಾಲಕ್ಕೆ ತಲಪಿದಾಗ ಮೊಲವನ್ನು ಜೀವಂತವಾಗಿ ಬಿಡಿಸಿ, ನಾಯಿಗಳನ್ನು ಕಟ್ಟಿ, ಅದನ್ನು ಓಡಲು ಬಿಟ್ಟದ್ದನ್ನೂ, ತಡವಾದಾಗ ಒಳ್ಳೆಯ ಎದುರಾಳಿಯನ್ನು ಕೊಂದರಲ್ಲಾ ಎಂದು ತಲೆ ಚಚ್ಚಿಕೊಂಡದ್ದನ್ನೂ ಹೇಳುತ್ತಾನೆ. ಗಡಿಯಲ್ಲಿ ಸೈನ್ಯ ನಡೆಸಿದ್ದವನ ಮಾತು ಇದು.

ಈ ಸಲಹೆ ಸೂಚನೆಗಳ ನಡುವೆ ಅವನು ಇದ್ದಕ್ಕಿದ್ದಂತೆ ತನ್ನ ನಾಯಿಯ ಕಡೆ ತಿರುಗುತ್ತಾನೆ. ಅದರ ಕಣ್ಣು ಬೂದುಬಣ್ಣದ್ದು. ಪ್ರಾಯದಲ್ಲಿ ಒಂದೇ ದಿನ ನಾಲ್ಕು ಮೊಲಗಳನ್ನು ಎದುರಿಸಿದ ನಾಯಿ. ಈಗ ಓಟದಿಂದ ನಿವೃತ್ತವಾಗಿದೆ. ಅಂದಿನಿಂದ ತನ್ನನ್ನಾಗಲಿ ತನ್ನ ಗೆಳೆಯ ಮೆಗಿಲ್ಲಸ್‌ನನ್ನಾಗಲಿ ಬಿಟ್ಟು ಇರುವುದಿಲ್ಲ. ತಾನು ಮನೆಯಲ್ಲಿದ್ದರೆ ಮನೆಯಲ್ಲಿರುತ್ತದೆ, ಹೊರಟರೆ ಜೊತೆಗೆ ಹೊರಡುತ್ತದೆ. ವ್ಯಾಯಾಮಶಾಲೆಗೆ ಹೋದರೆ ಅಲ್ಲಿ ಪಕ್ಕದಲ್ಲಿ ಕುಳಿತು ಕಾಯುತ್ತದೆ. ಮರಳುವಾಗ ಮುಂದೆ ನಡೆಯುತ್ತ, ಯಜಮಾನ ಎಲ್ಲಿಯಾದರೂ ದಾರಿ ಬಿಟ್ಟು ಹೋದನೋ ಎಂಬಂತೆ ಮತ್ತೆ ಮತ್ತೆ ಹಿಂದಿರುಗಿ ನೋಡುತ್ತದೆ. ಅದರ ದನಿಗಳಿಗೆ ಬೇರೆ ಬೇರೆ ಅರ್ಥಗಳಿವೆ. ಮರಿಯಾಗಿದ್ದಾಗ ಚಾಟಿಯ ಪೆಟ್ಟು ತಿಂದದ್ದರಿಂದ, ಈಗಲೂ ಯಾರಾದರೂ ಚಾಟಿ ಎಂಬ ಮಾತೆತ್ತಿದರೆ ಅವರ ಬಳಿಗೆ ಹೋಗಿ, ಮುದುರಿ ಬೇಡಿಕೊಂಡು, ಕೊರಳಿಗೆ ಜೋತುಬಿದ್ದು, ಅವರ ಸಿಟ್ಟು ಇಳಿಯುವವರೆಗೆ ಬಿಡುವುದಿಲ್ಲ.

ಕೊನೆಗೆ ಅವನು ನಾಯಿಯ ಹೆಸರು ಹೇಳುತ್ತಾನೆ: ಹೊರ್ಮೆ. ಮುನ್ನುಗ್ಗುವ ಹುರುಪು ಎಂದು ಅದರ ಅರ್ಥ. ಹಿರಿಯ ಕ್ಸೆನೊಫೋನನ ಪಟ್ಟಿಯಲ್ಲಿಯೂ ಆ ಹೆಸರಿದೆ. ಇಂಥ ನಾಯಿ ತನಗಿತ್ತೆಂಬುದು ಮುಂದಿನವರಿಗೆ ತಿಳಿದಿರಲಿ ಎಂಬ ಕಾರಣಕ್ಕೆ ಅದರ ಹೆಸರನ್ನು ಬರೆದಿಡಲು ತಾನು ಹಿಂಜರಿಯುವುದಿಲ್ಲ ಎನ್ನುತ್ತಾನೆ. ನಾಲ್ಕು ಮೊಲಗಳ ಸಾಹಸ ಒಂದು ವಾಕ್ಯದಲ್ಲಿ ಮುಗಿದಿದೆ. ಓಟ ನಿಂತ ಮೇಲಿನ ದಿನಗಳಿಗೆ ಒಂದು ಪುಟ ಸಂದಿದೆ. ಆ ಪುಟ ಇಲ್ಲದಿದ್ದರೆ ಹೊರ್ಮೆ ಪಟ್ಟಿಯಲ್ಲಿನ ಒಂದು ಹೆಸರಾಗಿಯೇ ಉಳಿಯುತ್ತಿತ್ತು.

ನಾಯಿಯ ಹೆಸರನ್ನು ಕಾಲದ ಕೈಗೆ ಸಿಗದಂತೆ ಬರೆದಿಟ್ಟವರಲ್ಲಿ ಕನ್ನಡಿಗರೂ ಇದ್ದಾರೆ. ಅವರು ಬರೆದದ್ದು ಕಲ್ಲಿನ ಮೇಲೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಶಾಸನ ಕ್ರಿ.ಶ. 949-50ರದ್ದು. ಅದರ ಹಿನ್ನೆಲೆ ತಕ್ಕೋಲದ ಯುದ್ಧ. ಚೆನ್ನೈನ ಓದುಗರಿಗೆ ಆ ಊರು ದೂರವಲ್ಲ, ಅರಕ್ಕೋಣದ ಹತ್ತಿರದಲ್ಲಿದೆ. ಅಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಚೋಳ ರಾಜಾದಿತ್ಯನನ್ನು ಎದುರಿಸಿದ. ಕೃಷ್ಣನ ಪರವಾಗಿ ಕಾದಿ ರಾಜಾದಿತ್ಯನನ್ನು ಕೊಂದವನು ಗಂಗರ ಇಮ್ಮಡಿ ಬೂತುಗ. ಕೃಷ್ಣ ಮೆಚ್ಚಿ ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರವೇ ಮೊದಲಾದ ನಾಡುಗಳನ್ನು ಕೊಟ್ಟ. ಬೂತುಗ ತನ್ನ ಭಟನಾದ ಮಣಲೇರನಿಗೆ ಮೆಚ್ಚಿ, ಬೇಕಾದದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಒಂದು ನಾಯಿಯನ್ನು.

ಮುಂದೆ ಬೆಳತೂರಿನ ಬೆಟ್ಟದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಎದುರು ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಕಲ್ಲಿನ ಮೇಲೆ ಹಂದಿ ಮತ್ತು ನಾಯಿ ಸೆಣಸುವ ಚಿತ್ರವಿದೆ.

ಈ ಶಾಸನದ ಬಗ್ಗೆ ನಮಗೆಲ್ಲ ಹೆಮ್ಮೆಯಿದೆ, ಇರಬೇಕಾದದ್ದೇ. ಆದರೆ ಹೊರ್ಮೆಯ ಪುಟವನ್ನು ಓದಿದ ಮೇಲೆ ನನಗೆ ಒಂದು ವ್ಯತ್ಯಾಸ ಕಾಣುತ್ತದೆ. ಕಾಳಿಗೆ ಕಲ್ಲು ಸಿಕ್ಕಿದ್ದು ಅದು ಕೆಲಸದಲ್ಲಿರುವಾಗಲೇ, ವೀರನಂತೆ, ಸತ್ತದ್ದರಿಂದ. ಹಂದಿಯನ್ನು ಗೆದ್ದು ಬದುಕಿ, ಹಲ್ಲು ಸವೆದು, ಮಣಲೇರನ ಮನೆಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಮುದಿಯಾಗಿದ್ದರೆ ಕಾಳಿಯ ಹೆಸರು ನಮಗೆ ತಿಳಿಯುತ್ತಿತ್ತೇ? ವೀರಗಲ್ಲಿನ ಸಂಸ್ಕೃತಿ ಬಲಿದಾನವನ್ನು ನೆನೆಯುತ್ತದೆ. ಮುಪ್ಪಿಗೆ ಅಲ್ಲಿ ಎಡೆ ಕಡಿಮೆ. ಆದರೂ ಒಂದು ಮಾತು ಉಳಿಯುತ್ತದೆ. ನಾಡುಗಳು ಹಂಚಿಕೆಯಾಗುತ್ತಿದ್ದ ಹೊತ್ತಿನಲ್ಲಿ ಒಬ್ಬ ಯೋಧ ನಾಯಿಯೊಂದನ್ನು ಬೇಡಿದ. ಆ ಬೇಡಿಕೆಯಲ್ಲಿ ಬೇಟೆಯ ಲೆಕ್ಕಾಚಾರ ಮಾತ್ರ ಇತ್ತೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಮುಧೋಳ ನಾಯಿಯ ಕಥೆ ಈಗ ಈ ಎರಡರ ನಡುವೆ ನಿಂತಿದೆ. ಮುಧೋಳದ ಘೋರ್ಪಡೆ ಅರಸರು, ಅದರಲ್ಲೂ ಮಾಲೋಜಿರಾವ್ ಘೋರ್ಪಡೆ, ಈ ತಳಿಯನ್ನು ಪೋಷಿಸಿ, ಐದನೆಯ ಜಾರ್ಜ್ ದೊರೆಗೂ ಮರಿಗಳನ್ನು ಕಾಣಿಕೆಯಾಗಿ ಕೊಟ್ಟರು. ಮಹಾರಾಷ್ಟ್ರದಲ್ಲಿ ಇದೇ ನಾಯಿಗೆ ಕಾರವಾನ ಎಂದು ಹೆಸರು. ಶ್ವಾನ ಸಂಘಗಳಲ್ಲಿಯೂ ಒಂದು ಕ್ಯಾರವಾನ್ ಹೌಂಡ್ ಎಂದರೆ ಇನ್ನೊಂದು ಮುಧೋಳ ಹೌಂಡ್ ಎಂದು ದಾಖಲಿಸುತ್ತದೆ. ಗಡಿಯ ಆಚೆ ಬದುಕುವವರಿಗೆ ಎರಡು ಹೆಸರುಗಳಲ್ಲಿ ಬಾಳುವುದು ಹೊಸತೇನಲ್ಲ. 2005ರಲ್ಲಿ ಅಂಚೆ ಇಲಾಖೆ ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಮುಧೋಳವೂ ಇತ್ತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಸೇನೆ ಕೆಲವು ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಒಯ್ದಿತು.

ಇವೆಲ್ಲ ಒಳ್ಳೆಯ ಸುದ್ದಿಗಳು. ಆದರೆ ಅದರ ಮೂಲ ಕಸುಬು ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ 1991ರ ಅದರ ತಿದ್ದುಪಡಿಯೂ ಬೇಟೆಯ ಬಾಗಿಲನ್ನು ಮುಚ್ಚಿದವು, ಮುಚ್ಚಬೇಕಾದದ್ದೇ. ಅಂದರೆ ಇಂದು ಹುಟ್ಟುವ ಪ್ರತಿಯೊಂದು ಮುಧೋಳ ಮರಿಯೂ ಒಂದರ್ಥದಲ್ಲಿ ನಿವೃತ್ತವಾಗಿಯೇ ಹುಟ್ಟುತ್ತದೆ. ಅದಕ್ಕೆ ಹೊಸ ಉಪಯೋಗಗಳನ್ನು ಹುಡುಕುತ್ತಿದ್ದೇವೆ: ಕಾವಲು, ಸೇನೆ, ಪ್ರದರ್ಶನ. ಉಪಯೋಗ ಸಿಗದಿದ್ದರೆ ತಳಿ ಉಳಿಯದು ಎಂಬ ವಾದ ಸುಳ್ಳಲ್ಲ. ಉಪಯೋಗ ಮುಗಿದ ಮೇಲೆಯೂ ಜೊತೆಯಲ್ಲಿ ನಡೆಯುವವರು ಬೇಕು ಎಂಬುದು ಆರಿಯನ್ ಅದಕ್ಕೆ ಸೇರಿಸುವ ಮಾತು. ದಿನಕ್ಕೆ ನಾಲ್ಕು ಸಲ ಬಯಲು, ಮಲಗಲು ಮೆತ್ತನೆಯ ಜಾಗ, ಬೇಸಿಗೆಯಲ್ಲಿ ಎಚ್ಚರ, ಮೈ ಸವರುವ ಒಂದು ಕೈ. ಅವನು ಕೇಳಿದ್ದು ಇಷ್ಟೇ.

ಆ ರೈತರು ಕಳೆದ ವಾರ ಮತ್ತೆ ಸಿಕ್ಕಿದ್ದರು. ಬದುವಿನ ಬೇವಿನ ನೆರಳಿನಲ್ಲಿ ಕುಳಿತು ಚಿಗರಿಗೆ ನೀರು ಕುಡಿಸುತ್ತಿದ್ದೆ. ಅವರು ಈ ಸಲ ಮೊಲದ ಮಾತೆತ್ತಲಿಲ್ಲ. ಇದರ ಹೆಸರೇನು ಎಂದು ಕೇಳಿದರು. ಹೇಳಿದೆ. ಚಿಗರಿ ಎಂದರೇನು ಎಂದರು. ನಮ್ಮ ಕಡೆ ಜಿಂಕೆಗೆ ಹಾಗೆನ್ನುತ್ತೇವೆ ಎಂದೆ. ಅವರು ಒಮ್ಮೆ ನಕ್ಕು, ಮರಾಠಿಯ ನಾಲಗೆಯಲ್ಲಿ ಆ ಹೆಸರನ್ನು ಕೂಗಿದರು. ಚಿಗರಿ ಬಟ್ಟಲಿನಿಂದ ತಲೆಯೆತ್ತಿ ಅವರನ್ನು ನೋಡಿತು, ಆಮೇಲೆ ನನ್ನನ್ನು ನೋಡಿತು. ಬಿಸಿಲೇರುತ್ತಿತ್ತು. ಎದ್ದು ಮನೆಯ ದಾರಿ ಹಿಡಿದೆವು.