ಫೇಸ್
‘ತ್ರೀ ಫೇಸ್ ಬಂತಾ?’ ಇದು ಕರ್ನಾಟಕದ ಪಂಪ್‌ಸೆಟ್ ರೈತರ ದಿನನಿತ್ಯದ ಪ್ರಶ್ನೆ. ಈ ‘ಫೇಸ್’ ಮುಖವಲ್ಲ. ಕಾಣಿಸಿಕೊಳ್ಳುವುದು ಎಂಬರ್ಥದ ಗ್ರೀಕ್ ‘ಫಾಸಿಸ್’ನಿಂದ ಹುಟ್ಟಿ, ಚಂದ್ರನ ಕಲೆಗಳಿಗೆ ಹೆಸರಾಗಿ, ಆಮೇಲೆ ವಿದ್ಯುತ್ತಿಗೆ ಬಂದ ಪದ.

ತ್ರೀ ಫೇಸ್ ಲೈನಿನ ಮೂರು ತಂತಿಗಳ ವೋಲ್ಟೇಜ್ 120 ಡಿಗ್ರಿ ಅಂತರದಲ್ಲಿ ಒಂದರ ಹಿಂದೊಂದು ಏರಿಳಿಯುತ್ತದೆ. ಸಾಮಾನ್ಯವಾಗಿ ಮನೆಗೆ ಸಿಗುವುದು ಇವುಗಳಲ್ಲಿ ಒಂದು ಫೇಸ್ ಮತ್ತು ನ್ಯೂಟ್ರಲ್ ತಂತಿಯ ನಡುವಿನ 230 ವೋಲ್ಟ್. ಬೀದಿಯ ಹೆಚ್ಚಿನ ಮನೆಗಳು ಒಂದೇ ಫೇಸಿಗೆ ಜೋತುಬಿದ್ದರೆ, ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಕೊನೆಯ ಮನೆಯಲ್ಲಿ ಸಂಜೆ ಫ್ಯಾನು ನಿಧಾನವಾಗುತ್ತದೆ, ಮಿಕ್ಸಿ ತಿಣುಕುತ್ತದೆ. ನ್ಯೂಟ್ರಲ್ ಕಡಿದರಂತೂ ಅಪಾಯವೇ: ಲೋಡ್ ಕಡಿಮೆಯಿರುವ ಫೇಸಿನಲ್ಲಿ ವೋಲ್ಟೇಜ್ 300 ದಾಟಿ ಟಿವಿ, ಫ್ರಿಜ್ ಸುಟ್ಟುಹೋಗಬಹುದು.

ಲೋಡ್ ಸರಿದೂಗಿಸಲು ಲೈನ್‌ಮನ್ ಕಂಬ ಹತ್ತಿ ಕೆಲವು ಮನೆಗಳ ಸರ್ವಿಸ್ ವೈರನ್ನು ಬೇರೆ ತಂತಿಗೆ ಕಟ್ಟುತ್ತಾನೆ. ಊರಮಾತಿನಲ್ಲಿ ಅದು ‘ಫೇಸ್ ಚೇಂಜ್’.