ಮಾರ್ತಾಂಡಂನ ಮೊಟ್ಟೆ ಸಂಘ: ಯುವಜನ ಸೇವೆ ಮತ್ತು ವ್ಯಾಪಾರ

ಸಾಮಾಜಿಕ ಉದ್ಯಮ, ಎಂದರೆ ವ್ಯಾಪಾರದ ಮೂಲಕ ಸಮಾಜಸೇವೆ, ಈಚಿನ ಮ್ಯಾನೇಜ್‌ಮೆಂಟ್ ಶಾಲೆಗಳ ಕೂಸು ಎಂಬ ನಂಬಿಕೆ ಬಲವಾಗಿದೆ. ಯುವಕರ ಕ್ರೈಸ್ತ ಸಂಘಟನೆಯಾದ ವೈಎಂಸಿಎಯ ಚರಿತ್ರೆಯನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. 1844ರಲ್ಲಿ ಲಂಡನ್ನಿನ ಬಟ್ಟೆ ಅಂಗಡಿಯ ನೌಕರ ಜಾರ್ಜ್ ವಿಲಿಯಮ್ಸ್ ಗೆಳೆಯರನ್ನು ಕೂಡಿಸಿಕೊಂಡು ಅದನ್ನು ಕಟ್ಟಿದಾಗ ನಡೆಯುತ್ತಿದ್ದುದು ಪ್ರಾರ್ಥನೆ ಮತ್ತು ಬೈಬಲ್ ಓದು. ವಸತಿಗೃಹ, ವ್ಯಾಯಾಮಶಾಲೆಗಳು ಆಮೇಲೆ ಬಂದವು. ಖರ್ಚು ಬಹುಪಾಲು ಚಂದಾ, ದೇಣಿಗೆಗಳಿಂದಲೇ ಸಾಗುತ್ತಿತ್ತು.

ಭಾರತದಲ್ಲಿ ಈ ಲೆಕ್ಕ ಬದಲಾದದ್ದು ಹಳ್ಳಿಗಳಲ್ಲಿ. ಸಂಸ್ಥೆಯ ಮೊದಲ ಭಾರತೀಯ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿ ಕೆ.ಟಿ. ಪಾಲ್ ಗ್ರಾಮೀಣ ಸಹಕಾರ ಸಾಲಕ್ಕೆ ಒತ್ತು ಕೊಟ್ಟರು. 1920ರ ದಶಕದಲ್ಲಿ ಅಮೆರಿಕದ ಡಿ. ಸ್ಪೆನ್ಸರ್ ಹ್ಯಾಚ್ ದಕ್ಷಿಣ ತಿರುವಾಂಕೂರಿನ ಮಾರ್ತಾಂಡಂನಲ್ಲಿ (ಇಂದಿನ ಕನ್ಯಾಕುಮಾರಿ ಜಿಲ್ಲೆ) ಗ್ರಾಮ ಪುನರ್ನಿರ್ಮಾಣ ಕೇಂದ್ರ ತೆರೆದರು. ಅಲ್ಲಿ ಜೇನು ಸಾಕುವವರಿಗೂ ಕೋಳಿ ಸಾಕುವವರಿಗೂ ಸಂಘಗಳು ಹುಟ್ಟಿಕೊಂಡವು.

ಮೊಟ್ಟೆಯ ವಿಷಯವನ್ನೇ ನೋಡೋಣ. ಸೆಕೆಯ ಸೀಮೆಯಲ್ಲಿ ಫಲಿತ ಮೊಟ್ಟೆಯೊಳಗೆ ಭ್ರೂಣ ಬೆಳೆಯತೊಡಗಿ ಅದು ಬೇಗ ಕೆಡುತ್ತದೆ. ಹೇಂಟೆಗಳಿಂದ ಹುಂಜವನ್ನು ದೂರವಿಟ್ಟರೆ ಮೊಟ್ಟೆ ಹೆಚ್ಚು ದಿನ ತಾಳುತ್ತದೆ, ದೂರದ ಪೇಟೆಗೂ ಕಳಿಸಬಹುದು. ಸಂಘ ಇದನ್ನು ಮನೆಮನೆಗೆ ಕಲಿಸಿತು. ಮೊಟ್ಟೆಗಳನ್ನು ವಿಂಗಡಿಸಿ, ಮುದ್ರೆ ಒತ್ತಿ, ಒಟ್ಟಾಗಿ ಮಾರಿತು. ಬಿಡಿಬಿಡಿಯಾಗಿ ದಲ್ಲಾಳಿಯ ಎದುರು ನಿಲ್ಲುತ್ತಿದ್ದವರು ಒಂದು ಮುದ್ರೆಯ ಹಿಂದೆ ಸೇರಿದ್ದು ಪ್ರವಚನದಿಂದ ಆಗುವ ಕೆಲಸವಲ್ಲ. ಇದು ಅಪ್ಪಟ ವ್ಯಾಪಾರ.

ಆದರೆ ಹ್ಯಾಚ್ ಅವರ ಸಂಬಳ ಮೊಟ್ಟೆಯಿಂದ ಹುಟ್ಟಲಿಲ್ಲ. ಅವರು ಅಮೆರಿಕದ ವೈಎಂಸಿಎ ಕಳಿಸಿದ ಕಾರ್ಯದರ್ಶಿ. ಮಾರಾಟದ ಖರ್ಚನ್ನು ಸರಕು ಹೊರಬಲ್ಲದು, ಕಲಿಸುವ ಖರ್ಚನ್ನು ಹೊರಲಾರದು. ಸಾಮಾಜಿಕ ಉದ್ಯಮವನ್ನು ಹೊಗಳುವ ಬರಹಗಳು ಬಹುಮಟ್ಟಿಗೆ ಈ ಎರಡನ್ನೂ ಒಂದೇ ಖಾತೆಗೆ ಹಾಕಿಬಿಡುತ್ತವೆ.

ಈಚೆಗೆ ಸರ್ಕಾರಗಳೂ ಇಂಥ ಉದ್ಯಮಕ್ಕೆ ಚೌಕಟ್ಟು ಕಟ್ಟಿವೆ. ಬ್ರಿಟನ್ 2005ರಲ್ಲಿ, ಸಮಾಜದ ಒಳಿತಿಗಾಗಿ ವ್ಯಾಪಾರ ಮಾಡುವ ಸಮುದಾಯ ಹಿತಾಸಕ್ತಿ ಕಂಪನಿಗಳಿಗೆ ಕಾನೂನಿನ ರೂಪ ಕೊಟ್ಟಿತು. ಭಾರತ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮಗಳ ಮೂಲಕ, ಸಮಾಜಸೇವಾ ಸಂಸ್ಥೆಗಳು ಹಣ ಸಂಗ್ರಹಿಸಬಹುದಾದ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ತಂದಿತು. ಅಲ್ಲಿ 2023ರ ಡಿಸೆಂಬರ್‌ನಲ್ಲಿ ಮೊದಲು ಪಟ್ಟಿಯಾದದ್ದು ಯುವಕರಿಗೆ ಉದ್ಯೋಗ ತರಬೇತಿ ಕೊಡುವ ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್. ಸಂಗ್ರಹವಾದ ಮೊತ್ತ 1.8 ಕೋಟಿ ರೂಪಾಯಿ. ಹಣ ಎತ್ತಲು ಸಂಸ್ಥೆ ಹೊರಡಿಸಿದ ಪತ್ರದ ಹೆಸರು ಜೀರೋ ಕೂಪನ್ ಜೀರೋ ಪ್ರಿನ್ಸಿಪಲ್: ಬಡ್ಡಿಯಿಲ್ಲ, ಅಸಲೂ ಮರಳಿ ಬರುವುದಿಲ್ಲ. ಷೇರುಪೇಟೆಯ ವೇಷದಲ್ಲಿದ್ದರೂ ಕಲಿಸುವ ಖರ್ಚಿಗೆ ಹಣ ಬಂದದ್ದು ಇಲ್ಲಿಯೂ ದೇಣಿಗೆಯಾಗಿಯೇ. ಹಳೆಯ ವ್ಯವಸ್ಥೆಗಿಂತ ಒಂದು ಹೆಚ್ಚುಗಾರಿಕೆ ಉಂಟು: ಕೊಟ್ಟ ಹಣದಿಂದ ಏನಾಯಿತೆಂದು ಸಂಸ್ಥೆ ಸಾರ್ವಜನಿಕವಾಗಿ ವರದಿ ಒಪ್ಪಿಸಬೇಕು.