ಉರಿಯೂತ

'ಉರಿ' ಮತ್ತು 'ಊತ' ಎಂಬ ಎರಡು ಅಚ್ಚಗನ್ನಡ ಪದಗಳು ಯಕಾರಾಗಮ ಸಂಧಿಯಿಂದ ಕೂಡಿ 'ಉರಿಯೂತ' ರೂಪುಗೊಂಡಿದೆ. 'ಊದು' ಎಂಬ ಧಾತುವಿನಿಂದ ಬಂದ 'ಊತ'ಕ್ಕೆ ಬಾವು ಎಂದರ್ಥ. ಇಂಗ್ಲಿಷಿನ 'ಇನ್‌ಫ್ಲಮೇಶನ್' ಪದಕ್ಕೆ ಮೂಲವಾದ ಲ್ಯಾಟಿನ್ ಕ್ರಿಯಾಪದವು ಬೆಂಕಿ ಹೊತ್ತಿಸುವುದನ್ನಷ್ಟೇ ಹೇಳಿದರೆ, ಕನ್ನಡದ ಪದವು 1ನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ದಾಖಲಿಸಿದ ಕೆಂಪು, ಬಾವು, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡನ್ನು ಒಟ್ಟಿಗೆ ಸೂಚಿಸುತ್ತದೆ.

ವೈದ್ಯಕೀಯ ಬರಹದಲ್ಲಿ 'ಸಂಧಿ ಉರಿಯೂತ', 'ಯಕೃತ್ತಿನ ಉರಿಯೂತ' ಎಂಬಂತೆ ಬಳಕೆಯಾಗುವ ಈ ಪದವು, ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್‌ಗಳನ್ನು ಒಳಗೊಳ್ಳುವ 'ಕರುಳಿನ ಉರಿಯೂತದ ಕಾಯಿಲೆ' ಎಂಬ ಹೆಸರಿನಲ್ಲಿ ದೇಹದ ರಕ್ಷಣಾ ಕೋಶಗಳ ವರ್ತನೆಯನ್ನೇ ಸೂಚಿಸುತ್ತದೆ. ಆರೋಗ್ಯವಂತ ಕರುಳಿನ ಗೋಡೆಯಲ್ಲಿರುವ ಮ್ಯಾಕ್ರೋಫೇಜ್‌ಗಳು, ಅಂದರೆ ಭಕ್ಷಕ ಕೋಶಗಳು, ಒಳನುಸುಳಿದ ಬ್ಯಾಕ್ಟೀರಿಯಾಗಳನ್ನು ಉರಿಯೂತವೆಬ್ಬಿಸದೆ ನುಂಗುತ್ತವೆ. ರೋಗಪೀಡಿತ ಕರುಳಿನಲ್ಲಾದರೋ ರಕ್ತದಿಂದ ಬಂದು ಸೇರುವ ಮೋನೋಸೈಟ್‌ಗಳೆಂಬ ಬಿಳಿ ರಕ್ತಕಣಗಳು ಭಕ್ಷಕ ಕೋಶಗಳಾಗಿ ಮಾರ್ಪಡುತ್ತ, ಟಿಎನ್‌ಎಫ್, ಇಂಟರ್‌ಲ್ಯೂಕಿನ್-23 ಮೊದಲಾದ ಸೈಟೊಕೈನ್‌ಗಳನ್ನು, ಅಂದರೆ ಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನುಗಳನ್ನು, ಸ್ರವಿಸಿ ಟಿ ಕೋಶಗಳೆಂಬ ಇತರ ರಕ್ಷಣಾ ಕೋಶಗಳನ್ನು ಕೆರಳಿಸುತ್ತವೆ ಮತ್ತು ಆ ಕೆರಳಿಕೆ ಶಮನಗೊಳ್ಳದೆ ಮುಂದುವರಿದಾಗ ಕರುಳಿನ ಒಳಪದರದಲ್ಲಿ ಹುಣ್ಣುಗಳೇಳುತ್ತವೆ. ಟಿಎನ್‌ಎಫ್ ಅನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್ ಕಾಯಿಲೆಯ ಚಿಕಿತ್ಸೆಗಾಗಿ ಮನ್ನಣೆ ದೊರೆತದ್ದು ಟಿಎನ್‌ಎಫ್‌ನ ಪಾತ್ರದ ಅರಿವಿನ ಮಹತ್ವದ ಫಲವಾಗಿದೆ. ರಕ್ಷಿಸಬೇಕಾದ ಕೋಶಗಳೇ ಹೊತ್ತಿಸುವ ಈ ಬೇಗೆಯನ್ನು 'ಉರಿಯೂತ' ಎಂಬ ಪದವು ರೋಗಿಗೂ ವೈದ್ಯರಿಗೂ ಸಮಾನವಾಗಿ ಅರ್ಥವಾಗುವಂತೆ ಹಿಡಿದಿಟ್ಟಿದೆ.